ಕತ್ತಲಲ್ಲಿ ಬಿದ್ದ ಚಮಕಿ ಫೋಟೊ

ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಸೋದರಮಾವ ಚಂದ್ರಪ್ಪನವರ ಫೋಟೊ ಸ್ಟುಡಿಯೋ ಇದೆ. ಅದರ ಗಾಜಿನ ಕಪಾಟಿನಲ್ಲಿ, ಮದುವೆ ಜೋಡಿಗಳು ಮತ್ತು ಬರಿಮೈಯಲ್ಲಿ ಬೋರಲು ಮಲಗಿದ ಕೂಸುಗಳ ನಡುವೆ, ನಗುತ್ತಿರುವ ಒಬ್ಬ ಹೆಣ್ಣುಮಗಳ ದೊಡ್ಡ ಫೋಟೊ ಇದೆ. ಸುತ್ತ ಕಡುಗಪ್ಪು, ಮುಖದ ತುಂಬ ಬೆಳಕಿನ ಚುಕ್ಕಿ. ಆ ಫೋಟೊದ ಬಗ್ಗೆ ಊರವರು ಹೇಳುವ ಕಥೆಯನ್ನು ಆ ಕಡೆಯವರಾದರೆ ನೀವೂ ಕೇಳಿರುತ್ತೀರಿ. ಅಮಾವಾಸ್ಯೆಯ ನಡುರಾತ್ರಿ ತೆಗೆದದ್ದಂತೆ. ಅವಳಿಗೆ ಸಿಡುಬಿನ ಕಲೆ ಕೊಟ್ಟಿದ್ದ ದೇವಿ ಅಮ್ಮನೇ ಬಂದು, ಒಂದು ಕ್ಷಣದ ಮಟ್ಟಿಗೆ ಆ ಕಲೆಗಳನ್ನು ವಾಪಸು ತೆಗೆದುಕೊಂಡಳಂತೆ. ಅದನ್ನು ಕಣ್ಣಾರೆ ಕಂಡ ಚಂದ್ರಪ್ಪ ಮೂರ್ಛೆ ಹೋದನಂತೆ.

ಮೂರೂ ಸುಳ್ಳು. ಫೋಟೊ ತೆಗೆದದ್ದು ಹಾಡಹಗಲು, ಮಧ್ಯಾಹ್ನ ಮೂರು ದಾಟಿದ ಮೇಲೆ. ಕಲೆಗಳು ಎಲ್ಲಿಗೂ ಹೋಗಲಿಲ್ಲ. ಆ ಫೋಟೊದಲ್ಲಿ ಹೊಳೆಯುತ್ತಿರುವುದೇ ಅವು. ಇನ್ನು ಮಾವ ಮೂರ್ಛೆ ಹೋಗಲಿಲ್ಲ. ಅವರು ಹೋದದ್ದು ಮಂಡಕ್ಕಿ ಮಿರ್ಚಿ ತರಲು. ನಾನು ಅಲ್ಲೇ ಇದ್ದೆ. ನನ್ನ ಪಾಲಿನ ಮಿರ್ಚಿ ತಿಂದವಳು ನಾನೇ.

ಹಾಗಾದರೆ ಅಲ್ಲಿ ಏನೂ ನಡೆಯಲಿಲ್ಲವೇ ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ಮಾತ್ರ ನನ್ನ ನಾಲಿಗೆ ತಡವರಿಸುತ್ತದೆ. ಹಾಗೆ ತಡವರಿಸುವುದು ನನ್ನ ಅಭ್ಯಾಸವಲ್ಲ. ನಮ್ಮೂರು ನ್ಯಾಮತಿಯ ಶಾಲೆಯಲ್ಲಿದ್ದಾಗಿನಿಂದಲೂ ನಾನು ಚರ್ಚಾಸ್ಪರ್ಧೆಯ ಹುಡುಗಿ. ವಿಷಯದ ಪರ ಮಾತಾಡು ಎಂದರೂ ಸೈ, ವಿರೋಧ ಎಂದರೂ ಸೈ. ನಾನು ಗೆದ್ದು ತಂದ ಸ್ಟೀಲ್ ಲೋಟಗಳಲ್ಲೇ ನಮ್ಮ ಮನೆಯವರೆಲ್ಲ ಕಾಫಿ ಕುಡಿಯುತ್ತಿದ್ದರು. ಒಮ್ಮೆ ‘ದೆವ್ವಗಳು ಇವೆ’ ಎಂಬ ವಿಷಯಕ್ಕೆ ವಿರೋಧವಾಗಿ ಮಾತಾಡಿ ಮೊದಲ ಬಹುಮಾನ ಪಡೆದೆ. ಬಹುಮಾನ ಕೊಟ್ಟ ತೀರ್ಪುಗಾರರ ತೋಳಿನಲ್ಲಿ ತಾಯಿತ ಇತ್ತು. ಕಣ್ಣಿಗೆ ಕಾಣದ್ದು, ಮತ್ತೊಮ್ಮೆ ಮಾಡಿ ತೋರಿಸಲಾಗದ್ದು, ಇಲ್ಲವೇ ಇಲ್ಲ ಎಂದು ನಂಬಿದವಳು ನಾನು. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬುತ್ತೇನೆ. ಆ ಒಂದು ಫೋಟೊ ಬಿಟ್ಟು.

ಫೋಟೊದಲ್ಲಿರುವವಳು ಶಾರದಕ್ಕ, ಜಗಳೂರಿನ ನಮ್ಮ ದೊಡ್ಡಮ್ಮನ ಮಗಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಆರನೆಯ ವಯಸ್ಸಿನಲ್ಲಿ ಅವಳಿಗೆ ಸಿಡುಬು ಬಂದಿತ್ತು. ಜೀವ ಉಳಿಯಿತು, ಹಣೆಯಿಂದ ಗದ್ದದವರೆಗೆ ಕಲೆಗಳೂ ಉಳಿದವು. ಅದರಿಂದ ಅವಳೇನೂ ಕುಗ್ಗಿದವಳಲ್ಲ. ಓದಿನಲ್ಲಿ ಚುರುಕು, ಮಾತಿನಲ್ಲಿ ನನಗಿಂತ ಚುರುಕು. ವೇದಿಕೆಯ ಮೇಲೆ ನಾನು ಹಾಕುತ್ತಿದ್ದ ಪಟ್ಟುಗಳಲ್ಲಿ ಅರ್ಧ, ರಜೆಯಲ್ಲಿ ಅವಳ ಜೊತೆ ಶೇಂಗಾ ಬಿಡಿಸುತ್ತ ಕೂತಾಗ ಕಲಿತದ್ದು.

ಅವಳನ್ನು ಕುಗ್ಗಿಸಿದ್ದು ಕಲೆಯಲ್ಲ, ನಮ್ಮ ಮಾವನ ಪೆನ್ಸಿಲ್ಲು.

ಮಾವನ ಕೈ ‘ಟಚಿಂಗ್’ಗೆ ಹೆಸರಾಗಿತ್ತು. ನೆಗೆಟಿವ್ ಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಚುಕ್ಕಿ ಇಡುತ್ತ ಇಡುತ್ತ ಮೊಡವೆ, ಸುಕ್ಕು, ಕಲೆ ಎಲ್ಲವನ್ನೂ ಮುಚ್ಚುವ ಕೆಲಸ ಅದು. ಪ್ರಿಂಟ್ ಹಾಕಿದಾಗ ಮುಖ ಕೆನೆಮೊಸರಿನ ಹಾಗೆ ನುಣುಪಾಗಿರುತ್ತಿತ್ತು. “ದೇವ್ರು ಅವಸರದಾಗೆ ಮಾಡಿದ್ನ ನಾವು ಕುಂತು ಸರಿ ಮಾಡ್ತೀವಿ ಅಷ್ಟೆ” ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ಶಾರದಕ್ಕನಿಗೆ ಗಂಡು ನೋಡಲು ಶುರು ಮಾಡಿದಾಗ ಅವಳ ಫೋಟೊ ತೆಗೆದವರೂ ಅವರೇ. ಸೊಸೆಯ ಮೇಲಿನ ಪ್ರೀತಿಯಿಂದ ಎರಡು ದಿನ ಕೂತು ಒಂದೊಂದು ಕಲೆಯನ್ನೂ ಮುಚ್ಚಿದರು. ಆ ಫೋಟೊ ಚನ್ನಗಿರಿ ಹತ್ತಿರದ ನಲ್ಲೂರಿಗೆ, ಒಬ್ಬ ಅಡಿಕೆ ವ್ಯಾಪಾರಿಗಳ ಮನೆಗೆ ಹೋಯಿತು. ಅವರಿಗೆ ಒಪ್ಪಿಗೆಯಾಗಿ, ಹೆಣ್ಣು ನೋಡಲು ಜಗಳೂರಿಗೆ ಬಂದರು.

ನಾನು ಆ ದಿನ ಅಲ್ಲಿದ್ದೆ. ಗಂಡಿನ ತಾಯಿ ಚೀಲದಿಂದ ಫೋಟೊ ತೆಗೆದು, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಶಾರದಕ್ಕನ ಕೆನ್ನೆಯ ಪಕ್ಕಕ್ಕೆ ಹಿಡಿದರು. ಅತ್ತ ನೋಡಿದರು, ಇತ್ತ ನೋಡಿದರು. “ಈ ಫೋಟೊದಾಗಿನ ಹುಡ್ಗಿ ಎಲ್ಲವ್ಳೆ, ಕರೀರಿ. ತಂಗೀನ ತೋರ್ಸಿ ಅಕ್ಕನ್ನ ಕೊಡೋ ಅಂದಾಜೈತೇನು?” ಎಂದರು. ಶಾರದಕ್ಕನಿಗೆ ತಂಗಿಯೇ ಇಲ್ಲ. ದೊಡ್ಡಮ್ಮ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಉಪ್ಪಿಟ್ಟು ಮುಗಿಸಿ ಎದ್ದು ಹೋದರು.

ಅಂದಿನಿಂದ ಅವಳು ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಎದ್ದು ಹೋಗುತ್ತಿದ್ದಳು. ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟಳು. ಬೈತಲೆಯನ್ನು ಕೈಯಂದಾಜಿನಲ್ಲೇ ತೆಗೆಯುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಮೇಷ್ಟ್ರ ತರಬೇತಿಗೆ ಅರ್ಜಿ ಕರೆದರು. ಶಾರದಕ್ಕನಿಗೆ ಮೊದಲಿನಿಂದಲೂ ಇದ್ದ ಆಸೆ ಅದೊಂದೇ, ಶಾಲೆಯಲ್ಲಿ ಪಾಠ ಹೇಳಬೇಕು. ಅಂಕಗಳೂ ಇದ್ದವು. ಅರ್ಜಿಯನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಿದಳು. ಮೇಲೆ ಬಲಮೂಲೆಯಲ್ಲಿ ಫೋಟೊ ಅಂಟಿಸುವ ಚೌಕ ಮಾತ್ರ ಖಾಲಿ. ದೊಡ್ಡಪ್ಪ ಹಳೆಯ ಫೋಟೊವನ್ನೇ ಚಿಕ್ಕದು ಮಾಡಿಸಿ ಅಂಟಿಸು ಎಂದರಂತೆ. “ಆ ಮುಖಕ್ಕೆ ಬೇಕಾದ್ರೆ ಕೆಲ್ಸ ಕೊಡ್ಲಿ. ಅದು ನಂದಲ್ಲ” ಎಂದಳಂತೆ. ಹೊಸದು ತೆಗೆಸು ಎಂದರೆ ಕೋಣೆ ಬಾಗಿಲು ಹಾಕಿಕೊಂಡಳಂತೆ. ಸೋಮವಾರದೊಳಗೆ ಅರ್ಜಿ ಚಿತ್ರದುರ್ಗ ಸೇರಬೇಕು. ಸೇರದಿದ್ದರೆ ಇನ್ನೊಂದು ವರ್ಷ, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟುತ್ತದೆ. ಈ ಸುದ್ದಿ ಹೊತ್ತ ಕಾಗದ ನ್ಯಾಮತಿಗೆ ಬಂದಾಗ ನಮಗಿದ್ದದ್ದು ಒಂಬತ್ತು ದಿನ. ನಾನಾಗ ಬಿ.ಎ. ಕೊನೆಯ ವರ್ಷದಲ್ಲಿದ್ದೆ.

ಕಾಗದ ಹಿಡಿದು ಹೊನ್ನಾಳಿಗೆ ಹೋಗಿ ಮಾವನ ಜೊತೆ ಜಗಳಕ್ಕೆ ಕೂತೆ.

“ನಾನೇನು ಕೆಟ್ಟದ್ದಕ್ಕೆ ಮಾಡಿದ್ನೇನವ್ವ?” ಎಂದರು ಮಾವ. ಅವರ ಮುಖ ಬಾಡಿತ್ತು. “ಕಲೆ ಅಂದ್ರೆ ಗುಂಡಿ. ಗುಂಡಿ ಅಂದ್ರೆ ನೆಳ್ಳು. ನೆಳ್ಳು ಬಿದ್ರೆ ಮುಖ ಕಪ್ಪಾಗ್ತೈತೆ. ಫೋಟೊದಾಗೆ ಅದನ್ನ ಮುಚ್ಚಾಕೇ ಬೇಕು.”

“ನೆರಳು ನಿಲ್ಲೋ ಗುಂಡಿಯಾಗೆ ಬೆಳಕು ಯಾಕೆ ನಿಲ್ಬಾರ್ದು, ಮಾವ?”

“ಬೆಳಕೇನು ಮಳೆನೀರಾ, ನಿಲ್ಲಾಕೆ?” ಎಂದು ನಕ್ಕರು. ನಗುತ್ತಲೇ ಬಿಲ್ ಬುಕ್ಕಿನ ಹಿಂದಿನ ಹಾಳೆ ತಿರುಗಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಒಂದು ಮುಖ ಬರೆದರು. ಅದರ ಮೇಲೆ ಚುಕ್ಕಿ ಇಟ್ಟರು. “ಚಮಕಿ ಹಚ್ಚಿದ್ರೆ?” ಎಂದರು.

ನಾಟಕದಲ್ಲಿ ದೇವಿಯ ಪಾತ್ರಧಾರಿಗಳ ಕೆನ್ನೆಗೆ, ಕಿರೀಟಕ್ಕೆ ಉದುರಿಸುತ್ತಾರಲ್ಲ, ಆ ಹೊಳೆಯುವ ಪುಡಿಯೇ ಚಮಕಿ. ಮುಖದ ತುಂಬ ಚಮಕಿ, ಹಿಂದೆ ಕಪ್ಪು ಪರದೆ, ಪಕ್ಕದಿಂದ ಒಂದೇ ದೀಪ. ನಕ್ಷತ್ರ ತುಂಬಿದ ಆಕಾಶದ ಹಾಗೆ ಮುಖ. ಅರ್ಧ ಗಂಟೆಯಲ್ಲಿ ಮಾವ ಆರು ಹಾಳೆ ಗೀಚಿದರು. ಇಪ್ಪತ್ತು ವರ್ಷ ಮುಖಗಳನ್ನು ನುಣುಪು ಮಾಡುತ್ತ ಕೂತ ಮನುಷ್ಯ ಆ ಸಂಜೆ ಎಳೆಯ ಹುಡುಗನಾಗಿಬಿಟ್ಟರು. ನನ್ನ ಲೆಕ್ಕಾಚಾರ ಬೇರೆಯಿತ್ತು. ಆಟದ ಹೆಸರಿನಲ್ಲಿ ಒಮ್ಮೆ ಕ್ಯಾಮೆರಾದ ಮುಂದೆ ಕೂತರೆ ಶಾರದಕ್ಕನ ಹೆದರಿಕೆ ಬಿಡುತ್ತದೆ, ಆಮೇಲೆ ಅರ್ಜಿಯ ಫೋಟೊಕ್ಕೂ ಕೂರುತ್ತಾಳೆ.

ಚಮಕಿಗೆ ನಾನೇ ಚನ್ನಗಿರಿಗೆ ಹೋದೆ. ಅಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಒಂದು ಅಂಗಡಿಯಿತ್ತು. ಅಂಗಡಿಯ ಮುದುಕರು ಕನ್ನಡಕದ ಮೇಲಿಂದ ನೋಡಿ, “ಯಾವ ನಾಟ್ಕ?” ಎಂದರು. ನಾಟಕವಲ್ಲ, ಫೋಟೊಕ್ಕೆ ಎಂದೆ. “ಯಾರ ಮುಖಕ್ಕೆ?” ಅಕ್ಕನ ಮುಖಕ್ಕೆ. “ನಿಮ್ಮ ಮನ್ಯಾಗೆ ಗಂಡಸ್ರಿಗೆ ಗೊತ್ತೈತಾ?” ಎಂದು ಕೇಳಿ, ನನ್ನ ಮುಖ ಕಂಡು ತಾವೇ ನಕ್ಕರು. ಬೆಳ್ಳಿಬಣ್ಣದ ಚಮಕಿಯನ್ನು ಎರಡು ಪೊಟ್ಟಣ ಕಟ್ಟಿಕೊಟ್ಟು, “ಕೊಬ್ರಿ ಎಣ್ಣಿ ಹಚ್ಬ್ಯಾಡ್ರವ್ವ, ಎಲ್ಲ ಗದ್ದಕ್ಕೆ ಇಳೀತೈತೆ. ವ್ಯಾಸಲಿನ್ ತೆಳ್ಳಗೆ ಸವರ್ರಿ. ಕಣ್ಣಿನ ರೆಪ್ಪೆ ಹತ್ರ ಮಾತ್ರ ಒಯ್ಬ್ಯಾಡ್ರಿ” ಎಂದು ಬುದ್ಧಿ ಹೇಳಿದರು.

ಶಾರದಕ್ಕನಿಗೆ ಕಾಗದ ಬರೆದೆ. ‘ನಿನ್ನ ಫೋಟೊ ತೆಗೆಯುವುದಿಲ್ಲ. ನನ್ನದು ಒಂದು ವಿಶೇಷ ಫೋಟೊ ತೆಗೆಸಬೇಕು, ಮುಖಕ್ಕೆ ಹಚ್ಚಲು ನೀನೇ ಬರಬೇಕು. ಬರುವಾಗ ಮನೆಯ ಕರಿ ಕಂಬಳಿ ತಾ.’ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಚರ್ಚೆಯಲ್ಲಿ ಇಂಥದ್ದಕ್ಕೆಲ್ಲ ಚಪ್ಪಾಳೆ ಬೀಳುತ್ತದೆ.

ಗುರುವಾರ ಸಂಜೆ ದಾವಣಗೆರೆಯಲ್ಲಿ ಬಸ್ ಬದಲಿಸಿ ಬಂದಳು, ಕಂಕುಳಲ್ಲಿ ಕಂಬಳಿ. ಅರ್ಜಿಯೂ ಚೀಲದಲ್ಲಿತ್ತು, ಯಾಕೆ ತಂದಳೋ ನಾನು ಕೇಳಲಿಲ್ಲ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಮೂವರೂ ಸ್ಟುಡಿಯೋದ ಒಳಕೋಣೆ ಸೇರಿದೆವು. ಆ ಕೋಣೆಯ ವಿಷಯ ಸರಿಯಾಗಿ ಹೇಳಬೇಕು, ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ. ಫೋಟೊ ತೆಗೆಯುವುದೂ ಅಲ್ಲೇ, ಫಿಲಂ ತೊಳೆಯುವುದೂ ಅಲ್ಲೇ. ಹಾಗಾಗಿ ಕಿಟಕಿಗೆ ತಗಡು ಬಡಿದು ಸಂದಿಗೆಲ್ಲ ಡಾಂಬರು ಮೆತ್ತಿದ್ದರು. ಬಾಗಿಲಿಗೆ ಎರಡು ಪದರ ಕರಿ ಪರದೆ. ದೀಪ ಆರಿಸಿದರೆ ನಡುಹಗಲಲ್ಲೂ ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಅಲ್ಲಿ ಫಿಲಂ ಬಿಚ್ಚಿದ್ದಾರೆ, ಒಂದೂ ಕೆಟ್ಟಿಲ್ಲ. ಒಂದು ಗೋಡೆಗೆ ಕಂಬಳಿ ಇಳಿಬಿಟ್ಟೆವು. ಎದುರು ಗೋಡೆಯಲ್ಲಿ, ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಮಾವ ತೂಗುಹಾಕಿದ್ದ ಕನ್ನಡಿ, ಅದರ ಕೆಳಗೆ ಬಾಚಣಿಗೆ ಮತ್ತು ಪೌಡರ್ ಡಬ್ಬಿ.

ಮೊದಲು ನನ್ನ ಸರದಿ. ಶಾರದಕ್ಕ ನನ್ನ ಮುಖಕ್ಕೆ ವ್ಯಾಸಲಿನ್ ಸವರಿ ಚಮಕಿ ಉದುರಿಸಿದಳು. ದೀಪದ ಶಾಖಕ್ಕೆ ಐದು ನಿಮಿಷದಲ್ಲಿ ಎಲ್ಲ ಜಾರಿ ಗದ್ದದಲ್ಲಿ ಗಡ್ಡದ ಹಾಗೆ ಕೂತಿತು.

“ನದಿಯಿಂದ ಈಗ ಹಿಡಿದ ಮೀನು ಇದ್ದಂಗ್ ಐತೆ” ಎಂದರು ಮಾವ.

“ಮೀನು ಇಷ್ಟು ಮಾತಾಡಾಕಿಲ್ಲ ಬಿಡ್ರಿ” ಎಂದಳು ಶಾರದಕ್ಕ. ಹೇಳುತ್ತ, ಹಣೆಯ ಬೆವರನ್ನು ಕೈಯಿಂದ ಒರೆಸಿಕೊಂಡಳು. ಬೆರಳಿಗಂಟಿದ್ದ ಚಮಕಿ ಅವಳ ಹಣೆ ಕೆನ್ನೆಗೆಲ್ಲ ಬಳಿಯಿತು. ಕ್ಯಾಮೆರಾದೊಳಗೆ ಇಣುಕುತ್ತಿದ್ದ ಮಾವ ತಲೆ ಎತ್ತಲೇ ಇಲ್ಲ. ಅಲ್ಲಿಂದಲೇ ಮೆಲ್ಲಗೆ, “ವಕೀಲಮ್ಮ, ನೀನು ಗೆದ್ದೆ ಕಣವ್ವ. ನಿಲ್ತೈತೆ” ಎಂದರು. ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ.

ನಿಜ. ನನ್ನ ನುಣುಪು ಕೆನ್ನೆಯಿಂದ ಜಾರಿದ್ದು ಅವಳ ಕಲೆಗಳಲ್ಲಿ ಕೂತಿತ್ತು. ಒಂದೊಂದು ಕಲೆಯೂ ಒಂದೊಂದು ಚಿಮಣಿ ಹಚ್ಚಿಟ್ಟ ಗೂಡಿನಂತೆ ಕಾಣುತ್ತಿತ್ತು. ನಾನು ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಕಾಗದದಲ್ಲಿ ಮುಚ್ಚಿಟ್ಟದ್ದನ್ನೂ ಸೇರಿಸಿ. ಬೈಯುತ್ತಾಳೆ ಎಂದುಕೊಂಡಿದ್ದೆ. “ಕೂರ್ತೀನಿ. ಆದ್ರೆ ಪೆನ್ಸಿಲ್ ಮುಟ್ಬಾರ್ದು” ಎಂದಳು. ಮಾವ ಟಚಿಂಗ್ ಪೆನ್ಸಿಲ್ಲಿನ ಡಬ್ಬಿಯನ್ನೇ ತಂದು ಅವಳ ಮಡಿಲಲ್ಲಿಟ್ಟರು. “ತಗಳವ್ವ, ನಿನ್ ತಾವೇ ಇರ್ಲಿ.”

ಒಂದು ರೋಲಿನಲ್ಲಿ ಹನ್ನೆರಡು ಫೋಟೊ. ದೀಪ ಒಂದೇ ಆದ್ದರಿಂದ ಪ್ರತಿಯೊಂದಕ್ಕೂ ಮಾವ ಕ್ಯಾಮೆರಾದ ತಂತಿಯ ಗುಂಡಿ ಒತ್ತಿ ಹಿಡಿದು ‘ಒಂದು, ಎರಡು’ ಎಣಿಸಿ ಬಿಡುತ್ತಿದ್ದರು. ದೀಪ ಆಚೆ ಸರಿಸಿದರು, ಈಚೆ ಸರಿಸಿದರು. ನಾನು ಬಿಳಿ ಹಾಳೆ ಹಿಡಿದು ಬೆಳಕು ತಿರುಗಿಸಿದೆ. ಆದರೆ ಕೂತವಳು ಕಲ್ಲಾಗಿದ್ದಳು. ತುಟಿ ಬಿಗಿದು, ಕಣ್ಣು ಮಡಿಲಿನ ಡಬ್ಬಿಯ ಮೇಲೆ. “ಮ್ಯಾಲೆ ನೋಡವ್ವ, ಒಂಚೂರು ನಗು” ಎಂದರೆ ರೆಪ್ಪೆ ಇನ್ನೂ ಕೆಳಗೆ. ಎದುರಿನ ಕನ್ನಡಿಯ ಕಡೆಗಂತೂ ತಪ್ಪಿಯೂ ನೋಡಲಿಲ್ಲ. ಹನ್ನೊಂದು ಹೀಗೇ ಮುಗಿದವು. ಮಾವ ನನ್ನ ಕಡೆ ನೋಡಿ ಆಗಲಿಲ್ಲವೆಂಬಂತೆ ತಲೆಯಾಡಿಸಿದರು. ಹನ್ನೆರಡನೆಯದಕ್ಕೆ ಫಿಲಂ ತಿರುಗಿಸಿದ್ದರು, ತಂತಿ ಕೈಯಲ್ಲಿತ್ತು. ಕರೆಂಟು ಹೋಯಿತು.

ದೀಪದ ಕೆಂಪು ಎಳೆ ಒಂದು ಕ್ಷಣ ಉಳಿದು ಅದೂ ಆರಿತು. ಗವ್ವೆನ್ನುವ ಕತ್ತಲು. ಪರದೆ ಸರಿಸಿದರೆ ಶಾಖ ಹೊರಹೋಗಿ ತಂಪಾಗುತ್ತಿತ್ತು, ಆದರೆ ಕತ್ತಲಲ್ಲಿ ಮಾವನ ಕೈ ತಾಗಿ ಮೇಜಿನ ಮೇಲಿದ್ದ ಡಬ್ಬಿ ಉರುಳಿ ಫೋಟೊ ಪೇಪರೆಲ್ಲ ಹರಡಿತ್ತು, ಬೆಳಕು ತಾಗಿದರೆ ಹಾಳು. ಹಾಗಾಗಿ ಕೂತಲ್ಲೇ ಕೂತೆವು. ಎಷ್ಟು ಹೊತ್ತು? ಐದು ನಿಮಿಷಕ್ಕೆ ಕಡಿಮೆಯಿಲ್ಲ. ಪೇಪರಿನ ಡಬ್ಬಿ ಉರುಳಿದ್ದು ಯಾರ ತಪ್ಪು ಎಂದು ನಾನು ಮಾವನ ಮೇಲೆ ವಾದ ಶುರು ಮಾಡಿದೆ. ಮಾವ, “ಕತ್ತಲಾಗೆ ವಾದ ಮಾಡಿದ್ರೆ ಜಡ್ಜಿಗೆ ಎರಡೂ ಕಡೆಯವ್ರು ಒಂದೇ ಥರ ಕಾಣ್ತಾರೆ ಕಣವ್ವ, ಇದೇ ಸರಿಯಾದ ಕೋರ್ಟು” ಎಂದರು. ಆಗ ಶಾರದಕ್ಕ ನಕ್ಕಳು. ಎರಡು ವರ್ಷದಿಂದ ನಾನು ಕೇಳದೇ ಇದ್ದ ನಗು, ಗುಳುಗುಳು ಎಂದು ಹೊಟ್ಟೆಯಿಂದ ಬರುವ ಅವಳ ಹಳೆಯ ನಗು. ನಮಗೂ ನಗು ಬಂತು. ಮೂವರೂ ನಕ್ಕು ನಕ್ಕು ಸುಸ್ತಾದೆವು.

ಇಷ್ಟರಲ್ಲಿ ವಿಚಿತ್ರವೇನೂ ಇಲ್ಲ. ತನ್ನ ಮುಖ ಯಾರಿಗೂ ಕಾಣದು ಎಂದಾಗ ಮನುಷ್ಯರಿಗೆ ನಗು ಬರುತ್ತದೆ.

ಆಮೇಲೆ ನಗು ಇಳಿಯಿತು. ಹೊರಗೆ ಬಸ್ಸಿನ ಹಾರ್ನು ಕೇಳಿತು. ಕತ್ತಲಲ್ಲಿ ಅವಳು ಮತ್ತೆ ನಕ್ಕಳು, ಈ ಸಲ ಸಣ್ಣಗೆ, ತನ್ನಷ್ಟಕ್ಕೆ, ಏನನ್ನೋ ಕಂಡು ಗುರುತು ಹಿಡಿದವಳ ಹಾಗೆ. “ಮಾವ, ಈಗ ತಗೀರಿ” ಎಂದಳು.

ಕೂತವರು ತಗೀರಿ ಎಂದರೆ ಒತ್ತುವುದು ಮಾವನ ಬೆರಳಿನ ಅಭ್ಯಾಸ. ಟಕ್ ಎಂದಿತು. “ಒಂದು, ಎರಡು” ಎಂದರು, ಮತ್ತೆ ಟಕ್. ಆಮೇಲೆ, “ಅಯ್ಯೋ ನಿನ್ನ, ಕತ್ತಲಿನ ಫೋಟೊ ತೆಗ್ಸಿಬಿಟ್ಟೆಯಲ್ಲೇ” ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಎರಡು ಎಣಿಕೆಯ ಹೊತ್ತಿನಲ್ಲಿ ನನ್ನ ಕಣ್ಣು ತೆರೆದೇ ಇತ್ತು, ಅವಳು ಕೂತಿದ್ದ ದಿಕ್ಕಿನಲ್ಲೇ ಇತ್ತು. ನನಗೆ ಏನೂ ಕಾಣಲಿಲ್ಲ. ಮಾವನಿಗೂ ಕಾಣಲಿಲ್ಲ. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ.

ಕರೆಂಟು ಬಂದದ್ದು ನಾಲ್ಕರ ಮೇಲೆ. ಅಷ್ಟರಲ್ಲಿ ಮಾವ ಕೈತಡಕಿನಲ್ಲೇ ಪೇಪರನ್ನು ಡಬ್ಬಿಗೆ ಸೇರಿಸಿ, ಪರದೆ ಸರಿಸಿ ನಮ್ಮನ್ನು ಹೊರಗೆ ಬಿಟ್ಟಿದ್ದರು. ಮಂಡಕ್ಕಿ ಮಿರ್ಚಿ ತಂದದ್ದು ಆಗಲೇ. ಚಮಕಿ ಮೆತ್ತಿದ ಮುಖದಲ್ಲಿ ನಾವಿಬ್ಬರೂ ತಿನ್ನುವುದನ್ನು ಕಂಡು ಪಕ್ಕದ ಟೈಲರು ಯಾವ ಊರಿನ ನಾಟಕ ಎಂದು ಕೇಳಿದ.

ಸಂಜೆ ಫಿಲಂ ತೊಳೆದರು. ಒದ್ದೆ ಫಿಲಂ ಎತ್ತಿ ದೀಪಕ್ಕೆ ಹಿಡಿದು ಮಾವ ಎಣಿಸತೊಡಗಿದರು. ಹನ್ನೊಂದರವರೆಗೆ ದನಿಯಿತ್ತು. ಹನ್ನೆರಡಕ್ಕೆ ದನಿ ನಿಂತಿತು. ಅಲ್ಲಿ ಗಾಜಿನಂತೆ ಖಾಲಿಯಿರಬೇಕಿತ್ತು. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪು. ಆ ಚೌಕದ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು, ನಡುವೆ ಒಂದು ಮುಖ. ಅವರು ಕೂಡಲೇ ಪ್ರಿಂಟ್ ಹಾಕಿದರು. ಕೆಂಪು ದೀಪದಡಿ ತಟ್ಟೆಯ ನೀರಿನಲ್ಲಿ ಮೊದಲು ಕಪ್ಪು ಆಕಾಶ ಮೂಡಿತು, ಅದರಲ್ಲಿ ಚುಕ್ಕಿಗಳು ಬೆಳ್ಳಗೆ ಉಳಿದವು. ಆಮೇಲೆ ಕಣ್ಣು, ಆಮೇಲೆ ಹಲ್ಲು. ಶಾರದಕ್ಕ ನಗುತ್ತಿದ್ದಳು.

ಶಾರದಕ್ಕ ಪ್ರಿಂಟನ್ನು ಹೊರಗೆ ತಂದು, ಇಷ್ಟು ದಿನ ತಪ್ಪಿಸುತ್ತಿದ್ದ ಕನ್ನಡಿಯನ್ನು ಒಳಗಿನ ಮೊಳೆಯಿಂದ ಇಳಿಸಿ ತಂದು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಕಲೆ ತಾಳೆ ನೋಡಿದಳು. “ಇದು ಇಲ್ಲೈತೆ. ಈ ಮೂರು ಒಂದ್ಕೊಂದು ಅಂಟ್ಕಂಡಿರೋವು ಇಲ್ಲೇ ಅವೆ. ಹುಬ್ಬಿನ ಮ್ಯಾಲಿಂದು ಇಲ್ಲೈತೆ.” ಒಂದೂ ತಪ್ಪಿರಲಿಲ್ಲ. ಕೊನೆಗೆ ತಲೆಯೆತ್ತಿ, “ಇದ್ನ ಹಿಡ್ಕಂಡು ಯಾರಾದ್ರೂ ಬರ್ಲಿ, ಇವ್ಳಲ್ಲ ಅಂತ ಹೇಳ್ಲಿ ನೋಡಾಣ!” ಎಂದಳು. ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಪ್ರಿಂಟ್ ತೊಳೆಯೋ ಹೈಪೋ ಹಾರಿ ಕಣ್ಣು ಉರೀತೈತೆ ಎಂದರು.

ಮರುದಿನ ಬೆಳಿಗ್ಗೆ ಮುಖ ತೊಳೆದು ಅವಳೇ ಹೋಗಿ ಸ್ಟೂಲಿನ ಮೇಲೆ ಕೂತಳು. “ಅರ್ಜಿದು ತಗೀರಿ” ಎಂದಳು. ಕ್ಯಾಮೆರಾವನ್ನು ನೇರ ನೋಡಿದಳು. ಆ ಫೋಟೊದಲ್ಲಿ ಎಡಗೆನ್ನೆಯ ಮೇಲೆ ಒಂದು ಬಿಳಿ ಚುಕ್ಕಿಯಿದೆ. ಮೂರು ಸಲ ಸೋಪು ಹಾಕಿದರೂ ಹೋಗದ ಒಂದು ಚೂರು ಚಮಕಿ. ಮಾವನ ಕೈ ಅಭ್ಯಾಸಬಲದಿಂದ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಯಿತು. ಶಾರದಕ್ಕ ಪೆನ್ಸಿಲ್ ಕಿತ್ತುಕೊಂಡು ತನ್ನ ಜಡೆಗೆ ಸಿಕ್ಕಿಸಿದಳು. “ಇರ್ಲಿ ಬಿಡ್ರಿ. ಅದೂ ನಂದೇ.” ಅರ್ಜಿ ಶನಿವಾರವೇ ಚಿತ್ರದುರ್ಗ ಸೇರಿತು, ಅವಳ ಕೈಯಲ್ಲೇ. ಈಗ ಅವಳು ಜಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಡಂ. ಮಕ್ಕಳಿಗೆ ಅವಳೆಂದರೆ ಜೀವ, ಕೊಂಚ ಹೆದರಿಕೆಯೂ ಉಂಟು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಆದರೆ ಕತ್ತಲಲ್ಲಿ ಫೋಟೊ ಹೇಗೆ ಬಿತ್ತು?

ಕರೆಂಟು ಒಂದು ಗಳಿಗೆ ಬಂದು ಹೋಗಿರಬೇಕು ಎಂದು ಮೊದಲು ವಾದ ಹೂಡಿದೆ. ಬಂದಿದ್ದರೆ ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲವೇ? ಸಾಲದ್ದಕ್ಕೆ ಲೈನ್‌ಮನ್‌ನನ್ನು ಹುಡುಕಿ ಕೇಳಿದೆ. ಫ್ಯೂಸು ತೆಗೆದು ತನ್ನ ಜೇಬಿನಲ್ಲೇ ಇಟ್ಟುಕೊಂಡು ಕಂಬ ಹತ್ತಿದ್ದೆ ಎಂದ. ಇನ್ನೂ ಒಂದು ಸಾಕ್ಷಿಯಿದೆ. ಫೋಟೊದಲ್ಲಿ ಯಾರ ಕಣ್ಣನ್ನಾದರೂ ಭೂತಗನ್ನಡಿಯಲ್ಲಿ ನೋಡಿ, ಪಾಪೆಯ ಮೇಲೆ ದೀಪದ ಬಿಂಬ ಚುಕ್ಕಿಯಾಗಿ ಇದ್ದೇ ಇರುತ್ತದೆ. ಮೊದಲ ಹನ್ನೊಂದರಲ್ಲಿ, ರೆಪ್ಪೆ ಕೆಳಗಿದ್ದರೂ, ಅರ್ಧ ಕಾಣುವ ಪಾಪೆಯ ಮೇಲೆ ಅದಿದೆ. ಹನ್ನೆರಡನೆಯದರಲ್ಲಿ ಕಣ್ಣು ಪೂರ್ತಿ ತೆರೆದಿದ್ದರೂ ಇಲ್ಲ. ಬೆಂಕಿಕಡ್ಡಿಯದೂ ಇಲ್ಲ, ಟಾರ್ಚಿನದೂ ಇಲ್ಲ.

ಒಂದರ ಮೇಲೊಂದು ಫೋಟೊ ಬಿದ್ದಿರಬಹುದು ಎಂದೆ. ಆದರೆ ಹನ್ನೊಂದರಲ್ಲಿ ಒಂದರಲ್ಲೂ ಅವಳು ನಕ್ಕಿಲ್ಲ. ಎಲ್ಲಿಂದಲೋ ಬೆಳಕು ಸೋರಿರಬಹುದು ಎಂದೆ. ಸೋರಿದ ಬೆಳಕು ಫಿಲಮನ್ನು ಮಸುಕು ಮಾಡುತ್ತದೆಯೇ ಹೊರತು ಹಲ್ಲು ಮೂಗು ಬಿಡಿಸುವುದಿಲ್ಲ. ಕತ್ತಲಲ್ಲಿ ಮುಳ್ಳು ಹೊಳೆಯುವ ಕೈಗಡಿಯಾರಗಳು ಬರುತ್ತವಲ್ಲ, ಚಮಕಿಯಲ್ಲೂ ಅಂಥದ್ದೇನಾದರೂ ಬೆರೆತಿತ್ತೇ? ಉಳಿದ ಪೊಟ್ಟಣ ಬಿಚ್ಚಿಕೊಂಡು ಅದೇ ಕೋಣೆಯಲ್ಲಿ ಅರ್ಧ ಗಂಟೆ ಕೂತೆ. ಕತ್ತಲು ಕತ್ತಲಾಗೇ ಇತ್ತು. ಅಷ್ಟಕ್ಕೂ ಬಿಡದೆ, ನನ್ನ ಮುಖಕ್ಕೇ ಬಳಿದುಕೊಂಡು, ಅದೇ ಸ್ಟೂಲು, ಅದೇ ಕಂಬಳಿ, ಅದೇ ಕ್ಯಾಮೆರಾ, ದೀಪವಾರಿಸಿ ಹನ್ನೆರಡು ಫೋಟೊ ತೆಗೆಸಿದೆ. ಹನ್ನೆರಡೂ ಖಾಲಿ. “ಒಂದು ರೋಲು ದಂಡ ವಕೀಲಮ್ಮ” ಎಂದರು ಮಾವ. ಅವರಿಗೆ ಈ ತನಿಖೆಯಲ್ಲಿ ಆಸಕ್ತಿಯಿಲ್ಲ. ಅಂದಿನಿಂದ ಅವರ ಗಿರಾಕಿಗಳ ಮೊಡವೆ, ಸುಕ್ಕು ಎಲ್ಲ ಇದ್ದಂತೇ ಬರುತ್ತಿವೆ. ಜಗಳವಾಡುವವರಿಗೆ ಕಪಾಟಿನ ಫೋಟೊ ತೋರಿಸಿ ಸುಮ್ಮನಾಗಿಸುತ್ತಾರೆ.

ಎಂಟು ವರ್ಷದಲ್ಲಿ ನಾನು ಲೈನ್‌ಮನ್‌ನನ್ನು ಕೇಳಿದ್ದೇನೆ, ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದ್ದೇನೆ, ಚನ್ನಗಿರಿಯ ಅಂಗಡಿಯ ಮುದುಕರನ್ನೂ ಕೇಳಿದ್ದೇನೆ. ಮುಖ್ಯ ಸಾಕ್ಷಿಯನ್ನು ಮಾತ್ರ ಕೇಳಲಿಲ್ಲ. ಯಾಕೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಉತ್ತರ ಸಿಕ್ಕರೆ ಅದನ್ನು ಒಪ್ಪಬೇಕಾಗುತ್ತದೆಂಬ ಅಳುಕಿರಬೇಕು.

ಹೋದ ತಿಂಗಳು ಮಾವನ ಸ್ಟುಡಿಯೋಕ್ಕೆ ಹೋದಾಗ ಕಪಾಟಿನ ಮುಂದೆ ನಿಂತು ಮತ್ತೆ ಆ ಫೋಟೊ ನೋಡಿದೆ. ಎಷ್ಟು ಸಲ ನೋಡಿದರೂ ಕಾಣದೇ ಇದ್ದದ್ದು ಅಂದು ಕಂಡಿತು. ಶಾರದಕ್ಕ ಕ್ಯಾಮೆರಾವನ್ನು ನೋಡುತ್ತಿಲ್ಲ. ಅವಳ ಕಣ್ಣು ಕ್ಯಾಮೆರಾಕ್ಕಿಂತ ಒಂದು ಮೊಳ ಮೇಲೆ, ಕೊಂಚ ಎಡಕ್ಕಿದೆ. ಒಳಗೆ ಹೋಗಿ ಅದೇ ಸ್ಟೂಲಿನ ಮೇಲೆ ಕೂತು ಆ ದಿಕ್ಕಿಗೆ ನೋಡಿದೆ. ಬಾಚಣಿಗೆ, ಪೌಡರ್ ಡಬ್ಬಿ, ಅವುಗಳ ಮೇಲೆ ಕನ್ನಡಿ.

ಅಲ್ಲಿಂದ ನೇರ ಜಗಳೂರಿನ ಬಸ್ ಹತ್ತಿದೆ. ಶಾಲೆ ಬಿಡುವ ಹೊತ್ತು. ಅವಳು ಬೋರ್ಡು ಒರೆಸುತ್ತಿದ್ದಳು. ಜಡೆಯಲ್ಲಿ ಮಾವನ ಪೆನ್ಸಿಲ್ಲು ಇರಲಿಲ್ಲ, ಕಿವಿಯ ಮೇಲಿತ್ತು. ನನ್ನನ್ನು ಕಂಡು, “ಏನೇ ವಕೀಲಮ್ಮ, ಯಾವ ಕೇಸು ತಂದಿ?” ಎಂದು ಅದೇ ಗುಳುಗುಳು ನಗು ನಕ್ಕಳು. ನಾನು ಬೆಂಚಿನ ಮೇಲೆ ಕೂತೆ. ಎಂಟು ವರ್ಷದಿಂದ ಕೇಳದೇ ಉಳಿದದ್ದನ್ನು ಕೇಳಿದೆ.

“ಅಕ್ಕ, ಆ ಕತ್ತಲಾಗೆ, ಆ ಕನ್ನಡಿಯಾಗೆ, ನಿಂಗೆ ಏನೇ ಕಾಣ್ತು?”